ಕಲಿಯದವನು ದಡ್ಡನಲ್ಲ, ಕಲಿಸಿದವನೇ ದಡ್ಡ!

“ತರಬೇತಿ ಕೊಟ್ಟಾಯಿತು ಕಣ್ರೀ, ಈ ಹುಡುಗರ ತಲೆಗೇ ಹತ್ತುವುದಿಲ್ಲ!”

ಕಾರ್ಖಾನೆ ಮ್ಯಾನೇಜರುಗಳ ಈ ರಾಗ ಕೇಳಿ ಕೇಳಿ ಕಿವಿ ತೂತಾಗಿದೆ. ತಲೆಗೆ ಹತ್ತುವುದು ಹೇಗೆ ಸ್ವಾಮಿ? ಎ.ಸಿ. ಕೋಣೆಯಲ್ಲಿ ಕೂರಿಸಿ, ಗೋಡೆಯ ಮೇಲೆ ಇಂಗ್ಲಿಷ್ ಅಕ್ಷರ ಓಡಿಸಿ, ಟೀ-ಬಿಸ್ಕತ್ತು ಕೊಟ್ಟು, ಸಂಜೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರೆ ಅದು ತರಬೇತಿಯೇ? ಅದು ಶುದ್ಧ ನಾಟಕ!

ಈ ನಾಟಕ ನನ್ನ ಮುದ್ರಣಾಲಯದಲ್ಲೂ ನಡೆದಿದೆ. ಆಫ್‌ಸೆಟ್ ಯಂತ್ರ ಮಾರಿದವರು ಕಳಿಸಿದ ಮಹಾಶಯ ಎರಡು ದಿನ ಇಂಗ್ಲಿಷಿನಲ್ಲಿ ಭಾಷಣ ಬಿಗಿದ. ಹುಡುಗರ ಕೈ ಯಂತ್ರಕ್ಕೆ ಸೋಕಲು ಬಿಡಲಿಲ್ಲ. ಎಲ್ಲರೂ ತಲೆಯಾಡಿಸಿದರು. ಮೂರನೇ ದಿನ ಶಾಯಿಗೂ ನೀರಿಗೂ ಹದ ತಪ್ಪಿ ರೀಮುಗಟ್ಟಲೆ ಕಾಗದ ರದ್ದಿಗೆ ಹೋಯಿತು. ಕೊನೆಗೆ ಕಲಿಸಿದವರು ನಮ್ಮ ಹಳೆಯ ಮುದ್ರಕರು. ಪ್ಲೇಟಿನ ಮೇಲಿನ ಮಿನುಗು ನೋಡಿ ನೀರು ಹೆಚ್ಚೋ ಕಡಿಮೆಯೋ ಎಂದು ಹೇಳುವುದನ್ನು ಕನ್ನಡದಲ್ಲಿ, ಪಕ್ಕದಲ್ಲಿ ನಿಂತು ತೋರಿಸಿದರು.

ಇದು ಬರೀ ಹಳೆಯ ಕಾಲದ ರೂಢಿ ಎನ್ನಬೇಡಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನುರಿತ ಕೆಲಸಗಾರರು ಸೈನ್ಯಕ್ಕೆ ಹೋದಾಗ, ಕಾರ್ಖಾನೆಯ ಮುಖವನ್ನೇ ಕಾಣದ ಗಂಡಸರು, ಹೆಂಗಸರು ಯಂತ್ರದ ಮುಂದೆ ನಿಂತರು. ಅಲ್ಲಿಯ ಸರ್ಕಾರ 1940ರಿಂದ 1945ರವರೆಗೆ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಯೋಜನೆ ನಡೆಸಿತು. ಕೆಲಸ ಬಲ್ಲ ಮೇಸ್ತ್ರಿಗಳಿಗೇ, 10 ಗಂಟೆಗಳಲ್ಲಿ, ಕಲಿಸುವ ವಿದ್ಯೆ ಕಲಿಸಿತು.

ಅದರಲ್ಲಿದ್ದದ್ದು ನಾಲ್ಕೇ ಮೆಟ್ಟಿಲು:

1. ಹೊಸಬನ ಭಯ ಬಿಡಿಸು. ಅವನಿಗೆ ಈಗಾಗಲೇ ಏನು ಗೊತ್ತಿದೆ ಎಂದು ತಿಳಿದುಕೊ.
2. ಕೆಲಸವನ್ನು ಬಿಡಿಬಿಡಿಯಾಗಿ, ಒಂದೊಂದೇ ಹಂತವಾಗಿ ಮಾಡಿ ತೋರಿಸು. ಎಲ್ಲಿ ಎಡವುತ್ತಾರೋ ಅಲ್ಲಿ ಒತ್ತಿ ಹೇಳು.
3. ಅವನ ಕೈಯಲ್ಲೇ ಮಾಡಿಸು. ಹೀಗೇ ಏಕೆ ಮಾಡಬೇಕೆಂದು ಅವನ ಬಾಯಲ್ಲೇ ಹೇಳಿಸು.
4. ಒಬ್ಬನೇ ಮಾಡಲು ಬಿಡು. ಅನುಮಾನ ಬಂದರೆ ಯಾರನ್ನು ಕೇಳಬೇಕೆಂದು ತಿಳಿಸು. ಆಗಾಗ ಹೋಗಿ ನೋಡು.

ಕೆಲಸಗಾರ ಕಲಿಯಲಿಲ್ಲವೆಂದರೆ ಕಲಿಸಿದವನು ಕಲಿಸಲಿಲ್ಲ ಎಂಬುದೇ ಆ ಯೋಜನೆಯ ಮಂತ್ರ. ಯುದ್ಧ ಮುಗಿದ ಮೇಲೆ ಅಮೆರಿಕ ಇದನ್ನು ಮರೆಯಿತು, ಜಪಾನ್ ಅಪ್ಪಿಕೊಂಡಿತು. ಇಂದು ಬಿಡದಿಯಲ್ಲಿ ಕಾರು ಕಟ್ಟುವ ಟೊಯೋಟ 1950ರ ದಶಕದಲ್ಲೇ ಈ ಪಾಠವನ್ನು ತನ್ನದಾಗಿಸಿಕೊಂಡಿತು.

ಮೂರನೆಯ ಮೆಟ್ಟಿಲನ್ನು ಇನ್ನೊಮ್ಮೆ ಓದಿ. ಕಲಿಯುವವನು ತನ್ನ ಬಾಯಲ್ಲಿ ವಿವರಿಸಬೇಕು. ಯಾವ ಭಾಷೆಯಲ್ಲಿ ವಿವರಿಸುತ್ತಾನೆ? ಬಾರದ ಇಂಗ್ಲಿಷಿನಲ್ಲೇ? ಬಾಯಿ ಬಿಡದವನಿಗೆ ಗೊತ್ತಾಗಿದೆಯೋ ಇಲ್ಲವೋ ಎಂದು ತಿಳಿಯುವ ಬಗೆ ಹೇಗೆ? ನಮ್ಮ 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಮು, ಕಾಯ್ದೆಯಂತೆ ಹಾಕುವ ಸೂಚನೆಗಳು ಇಂಗ್ಲಿಷಿನ ಜೊತೆಗೆ ಬಹುಪಾಲು ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕೆಂದು ವಿಧಿಸಿತ್ತು. ಗೋಡೆಯ ಫಲಕಕ್ಕೇ ಆ ನಿಯಮ ಬೇಕಾಗಿದ್ದರೆ, ಬೆರಳು ತುಂಡರಿಸಬಲ್ಲ ಕಟಿಂಗ್ ಮೆಷಿನ್ನಿನ ಪಾಠಕ್ಕೆ ಬೇಡವೇ?

ಯುವಕರೇ, ಯುವತಿಯರೇ, ಅರ್ಥವಾಗದೆ ತಲೆಯಾಡಿಸುವ ಚಾಳಿ ಬಿಡಿ! ಎದ್ದು ನಿಂತು ಕೇಳಿ: “ಕನ್ನಡದಲ್ಲಿ ಹೇಳಿ, ಮಾಡಿ ತೋರಿಸಿ, ನಮ್ಮ ಕೈಯಲ್ಲಿ ಮಾಡಿಸಿ.” ಅಲ್ಲಿಯವರೆಗೆ ‘ತರಬೇತಿ ಪಡೆದಿದ್ದೇನೆ’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ನಾಳೆ ಅನಾಹುತವಾದರೆ ತಪ್ಪನ್ನು ನಿಮ್ಮ ತಲೆಗೆ ಕಟ್ಟುವುದು ಅದೇ ಸಹಿ!