ಕಳೆಗಿಡದ ಮುಂದೆ ಕೂತು ಚಿತ್ರ ಬರೆಯಿರಿ, ಕಷಾಯಕ್ಕೆ ಅವಸರ ಬೇಡ

ಕಳೆದ ಪೋಸ್ಟಿನ ಕೊನೆಗೆ "ಇಲ್ಲಿ ಕೆಲವರು ಕಳೆಗಿಡದ ಮುಂದೆ ಕೂತು ಧ್ಯಾನ ಮಾಡಿ, ಆಮೇಲೆ ಚಿತ್ರ ಬರೆಯುತ್ತಾರೆ, ನಾನೂ ಹೋಗುತ್ತೇನೆ" ಅಂತ ಒಂದು ಸಾಲು ಬರೆದಿದ್ದೆ. ಅದಕ್ಕೆ ಬಂದ ಉತ್ತರಗಳಲ್ಲಿ ಎರಡು ಪಕ್ಷ. ಒಂದು ಪಕ್ಷ, "ಕೆಲಸ ಇಲ್ಲದವರ ಕೆಲಸ ಮಾರಾಯ್ತಿ." ಇನ್ನೊಂದು ಪಕ್ಷ, "ಗಿಡವೇ ತನ್ನ ಔಷಧಿ ಗುಣ ಹೇಳ್ತದಂತೆ, ಹೌದಾ? ಶುಗರಿಗೆ ಯಾವುದು ಒಳ್ಳೇದು ಅಂತ ಕೇಳಿ ಹೇಳು." ಎರಡು ಪಕ್ಷಕ್ಕೂ ನಾನು ಸೇರುವುದಿಲ್ಲ. ಯಾಕೆ ಅಂತ ಇವತ್ತು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಇನ್ನೇನು ಆಟಿ ಬರುತ್ತದೆ, ಹಾಗಾಗಿ ಇದು ಊರಿನವರಿಗೂ ಬೇಕಾದ ಮಾತೇ.

ಮೊದಲು ಇಲ್ಲಿ ಏನು ಮಾಡುತ್ತಾರೆ ಅಂತ ಹೇಳಿಬಿಡುತ್ತೇನೆ. ಬೈಟನ್‌ವೆಲ್ಡರ್ಟ್ ಅಂದರೆ ಆಮ್‌ಸ್ಟರ್‌ಡ್ಯಾಮಿನ ದಕ್ಷಿಣ ತುದಿಯ ಬಡಾವಣೆ. ಮೊದಲು ಹುಲ್ಲುಗಾವಲು ಇದ್ದ ಜಾಗ. 1950ರ ದಶಕದ ಕೊನೆಯಿಂದ ಸಾಲು ಸಾಲಾಗಿ ಫ್ಲಾಟುಗಳು ಎದ್ದವು, ನಡುನಡುವೆ ಉದ್ದುದ್ದ ಹಸಿರು ಬಿಟ್ಟಿದ್ದಾರೆ. ತಲೆ ಮೇಲೆ ಸ್ಕಿಪೋಲ್ ನಿಲ್ದಾಣದ ವಿಮಾನಗಳು. ಅಲ್ಲಿನ ಒಂದು ರನ್‌ವೇಗೆ ನಮ್ಮ ಬಡಾವಣೆಯದೇ ಹೆಸರು! ಅಂಥ ಒಂದು ಹಸಿರು ಪಟ್ಟಿಯಲ್ಲಿ ಎಂಟು ಹತ್ತು ಜನ ಸೇರುತ್ತೇವೆ. ಹೆಚ್ಚಿನವರು ಕೆಲಸದಿಂದ ನಿವೃತ್ತರಾದವರು. ದಾರಿ ಬದಿಯ ಯಾವುದಾದರೂ ಒಂದು ಗಿಡವನ್ನು ಆರಿಸುವುದು. ಹತ್ತು ನಿಮಿಷ ಮಾತಿಲ್ಲದೆ, ಫೋನಿಲ್ಲದೆ ಅದನ್ನೇ ನೋಡುವುದು. ಆಮೇಲೆ ಪೆನ್ಸಿಲಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆಯುವುದು. ಆಮೇಲೆ ಕಣ್ಣು ಮುಚ್ಚಿ ಅದು ಬೀಜದಿಂದ ಮೊಳೆತು ಎಲೆ, ಹೂವು, ಕಾಯಿ ಆಗುವ ತನಕ ಮನಸ್ಸಿನಲ್ಲೇ ಬೆಳೆಸುವುದು. ಕೊನೆಗೆ ಬಣ್ಣ ತೆಗೆದುಕೊಂಡು, ಗಿಡವನ್ನಲ್ಲ, ಅದು ಮನಸ್ಸಿನಲ್ಲಿ ಬಿಟ್ಟು ಹೋದದ್ದನ್ನು ಕಾಗದಕ್ಕೆ ಇಳಿಸುವುದು. ಎಲ್ಲರ ಚಿತ್ರವನ್ನೂ ಹುಲ್ಲಿನ ಮೇಲೆ ಹರಡಿ ಒಬ್ಬೊಬ್ಬರಾಗಿ ಎರಡು ಮಾತು ಹೇಳುವುದು. ಸರಿ ತಪ್ಪು ಅಂತ ಯಾರೂ ಹೇಳುವುದಿಲ್ಲ.

ಇದರ ಬೇರು ಜರ್ಮನ್ ಕವಿ ಗಯಟೆಯಲ್ಲಿದೆ. 1790ರಲ್ಲಿ ಅವನು ಗಿಡಗಳ ರೂಪಾಂತರದ ಬಗ್ಗೆ ಒಂದು ಪುಸ್ತಕ ಬರೆದ. ಗಿಡವನ್ನು ಕೊಯ್ದು ಲೆಕ್ಕ ಹಾಕುವುದರ ಜೊತೆಗೆ ಅದು ಬೆಳೆಯುವ ರೀತಿಯನ್ನು ಕಣ್ಣಿನಿಂದ ಹಿಂಬಾಲಿಸಬೇಕು ಅನ್ನುವುದು ಅವನ ದಾರಿ. ಅವನ ವಿಜ್ಞಾನ ಬರಹಗಳನ್ನು ಸಂಪಾದಿಸಿದ ರುಡಾಲ್ಫ್ ಸ್ಟೈನರ್ ಅದಕ್ಕೆ ಧ್ಯಾನವನ್ನು ಸೇರಿಸಿದ. ಹಾಲೆಂಡಿನವರಿಗೆ ಸ್ವಂತದ ಪರಂಪರೆಯೂ ಇದೆ. ಯಾಕ್ ಥೈಸೆ ಅಂತ ಒಬ್ಬ ಶಾಲಾ ಮೇಷ್ಟ್ರು. ವೆರ್ಕಾಡೆ ಬಿಸ್ಕತ್ತು ಕಂಪನಿಗಾಗಿ 1906ರಿಂದ ಚಿತ್ರದ ಆಲ್ಬಮ್‌ಗಳಿಗೆ ಬರೆದರು. ಮಕ್ಕಳು ಪ್ಯಾಕೆಟ್ಟಿನಲ್ಲಿ ಬರುವ ಹೂವು ಹಕ್ಕಿಗಳ ಚಿತ್ರ ಕೂಡಿಟ್ಟು ಅಂಟಿಸಬೇಕು. ಇಡೀ ದೇಶದ ಮಕ್ಕಳು ಹುಲ್ಲಿನ ಹೆಸರು ಕಲಿತದ್ದು ಹಾಗೆ. ಪಕ್ಕದ ಆಮ್‌ಸ್ಟೆಲ್‌ವೇನಿನಲ್ಲಿ ಅವರ ಹೆಸರಿನ ಪಾರ್ಕು ಇದೆ, ಈ ನೆಲದ ಕಾಡುಗಿಡಗಳದ್ದೇ ಪಾರ್ಕು. ನಮ್ಮ ಮನೆಯಿಂದ ಸೈಕಲಿನಲ್ಲಿ ಹೋಗಬಹುದು.

ಈಗ ಮೊದಲ ಪಕ್ಷಕ್ಕೆ ಉತ್ತರ. ಮೊನ್ನೆ ನಮಗೆ ಸಿಕ್ಕಿದ್ದು ಇಲ್ಲಿನವರು ವೇಖ್‌ಬ್ರೇ ಅನ್ನುವ ಗಿಡ. ಕಾಲುದಾರಿಯಲ್ಲಿ ಎಲ್ಲರೂ ತುಳಿದರೂ ಸಾಯದ, ನೆಲಕ್ಕೆ ಅಂಟಿಕೊಂಡ ಅಗಲ ಎಲೆಯ ಗಿಡ. ನಮ್ಮ ಮನೆಗಳಲ್ಲಿ ಮಲಬದ್ಧತೆಗೆ ನೀರಲ್ಲಿ ಕದಡಿ ಕುಡಿಯುವ ಇಸಬ್ಗೋಲ್ ಇದೆಯಲ್ಲ, ಅದರ ಕುಲದ್ದೇ. ಚಿತ್ರ ಹರಡಿದಾಗ ಒಬ್ಬರು "ತಾಳ್ಮೆ" ಅಂದರು, ಒಬ್ಬರು "ಹಟಮಾರಿ" ಅಂದರು. ಗಂಡನನ್ನು ಕಳೆದುಕೊಂಡ ಒಬ್ಬರು ಬರೇ ಕಂದು ಬಣ್ಣ ಬಳಿದು "ಎಲ್ಲರೂ ನನ್ನ ಮೇಲೆ ನಡೆದು ಹೋಗ್ತಿದ್ದಾರೆ ಅನಿಸ್ತು" ಅಂದರು. ಅಷ್ಟು ದಿನದಿಂದ ಬರುತ್ತಿದ್ದರೂ ಅವರು ಬಾಯಿ ಬಿಟ್ಟು ದುಃಖ ಹೇಳಿದ್ದು ಅದೇ ಮೊದಲು. ಬರೇ "ಹೇಗಿದ್ದೀರಿ" ಅಂತ ಕೇಳಿದ್ದರೆ "ಚೆನ್ನಾಗಿದ್ದೇನೆ" ಅನ್ನುತ್ತಿದ್ದರು. ವಾರ್ಡಿನಲ್ಲಿ ನಾನು ದಿನವೂ ನೋಡುವುದು ಇದನ್ನೇ. ನೋವನ್ನು ನೇರ ಕೇಳಿದರೆ ಜನ ಹೇಳುವುದಿಲ್ಲ, ಕೈಗೆ ಏನಾದರೂ ಕೆಲಸ ಕೊಟ್ಟರೆ ಹೇಳುತ್ತಾರೆ. ನಮ್ಮೂರಲ್ಲಿ ಬೀಡಿ ಕಟ್ಟುತ್ತಾ, ಹೂವು ಕಟ್ಟುತ್ತಾ ಹೆಂಗಸರು ಮನಸ್ಸು ಹಗುರ ಮಾಡಿಕೊಳ್ಳುವುದಿಲ್ಲವೇ? ಅದನ್ನು ಕೆಲಸ ಇಲ್ಲದವರ ಕೆಲಸ ಅನ್ನುತ್ತೀರಾ?

ಆದರೆ ಅದೇ ದಿನ ಇನ್ನೊಂದನ್ನೂ ಗಮನಿಸಿದೆ. ಅನಿಸಿಕೆ ಒಬ್ಬೊಬ್ಬರದು ಒಂದೊಂದು, ಆದರೆ ಪೆನ್ಸಿಲ್ ಚಿತ್ರಗಳಲ್ಲಿ ಎಲ್ಲರೂ ಬರೆದದ್ದು ಒಂದೇ: ಎಲೆಯ ಬುಡದಿಂದ ತುದಿಗೆ ಜೊತೆಜೊತೆಯಾಗಿ ಓಡುವ ನರಗಳು, ಹರಿದರೆ ದಾರದಂತೆ ಎಳೆ ಬರುವ ತೊಟ್ಟು. ನನ್ನ ಲೆಕ್ಕ ಸರಳ. ಎಲ್ಲರಿಗೂ ಒಂದೇ ಕಂಡದ್ದು ಗಿಡದ್ದು. ಒಬ್ಬೊಬ್ಬರಿಗೆ ಒಂದೊಂದು ಅನಿಸಿದ್ದು ನಮ್ಮದು. ನರ್ಸಿಂಗ್ ಕಲಿಯುವಾಗ ಮೊದಲ ವರ್ಷದಲ್ಲೇ ಇದನ್ನು ಕಲಿಸುತ್ತಾರೆ. ರೋಗಿ ಹೇಳಿದ್ದನ್ನು ಒಂದು ಕಡೆ ಬರೆ, ನೀನು ನೋಡಿ ಅಳೆದದ್ದನ್ನು ಇನ್ನೊಂದು ಕಡೆ ಬರೆ. ಎರಡೂ ಬೇಕು, ಆದರೆ ಒಂದನ್ನು ಇನ್ನೊಂದರ ಜಾಗದಲ್ಲಿ ಬರೆಯಬೇಡ.

ಎರಡನೇ ಪಕ್ಷದವರು ಮಾಡುವುದು ಸರಿಯಾಗಿ ಆ ಕಲಬೆರಕೆಯನ್ನೇ. ಗಿಡ ಹೇಗೆ ಕಾಣುತ್ತದೋ ಅದಕ್ಕೆ ಮದ್ದು ಅನ್ನುವ ನಂಬಿಕೆ ಯುರೋಪಿನಲ್ಲಿ ಶತಮಾನಗಳ ಕಾಲ ಇತ್ತು. ಎಲೆಯಲ್ಲಿ ಬಿಳಿ ಚುಕ್ಕೆ ಇದ್ದರೆ ಶ್ವಾಸಕೋಶಕ್ಕೆ ಒಳ್ಳೆಯದು, ಹೂವು ಗರ್ಭಕೋಶದಂತೆ ಇದ್ದರೆ ಹೆರಿಗೆಗೆ ಒಳ್ಳೆಯದು. ಆ ಹೆರಿಗೆ ಗಿಡದ ಹೆಸರು ಅರಿಸ್ಟೊಲೋಕಿಯ. ನಮ್ಮ ಈಶ್ವರಿ ಬೇರು ಅದೇ ಕುಲ. ಪಕ್ಕದ ಬೆಲ್ಜಿಯಮ್ಮಿನಲ್ಲಿ 1990ರ ದಶಕದ ಆರಂಭದಲ್ಲಿ ತೂಕ ಇಳಿಸುವ ಮಾತ್ರೆಯಲ್ಲಿ ಈ ಕುಲದ ಒಂದು ಬೇರು ಸೇರಿಹೋಗಿ ನೂರಕ್ಕೂ ಹೆಚ್ಚು ಜನರ ಕಿಡ್ನಿ ಹಾಳಾಯಿತು. ಹಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ನೋಡಲು ಎಷ್ಟು ಚಂದದ ಹೂವು ಗೊತ್ತಾ ಅದು! ಹೂವಿನ ಮುಂದೆ ವರ್ಷಗಟ್ಟಲೆ ಧ್ಯಾನ ಮಾಡಿದರೂ ಕಿಡ್ನಿಯ ವಿಷಯ ಅದು ಹೇಳುವುದಿಲ್ಲ.

ಸ್ಟೈನರ್ ಕೂಡ ಇಲ್ಲಿ ಜಾರಿದ ಅಂತ ನನ್ನ ಅಭಿಪ್ರಾಯ. ಮರದ ಮೇಲೆ ಬದನಿಕೆಯಂತೆ ಬೆಳೆಯುವ ಮಿಸಲ್‌ಟೋ ಗಿಡವನ್ನು ನೋಡಿ, ದೇಹದ ಮೇಲೆ ಬೆಳೆಯುವ ಕ್ಯಾನ್ಸರಿಗೆ ಅದು ಮದ್ದಾಗಬಹುದು ಎಂದ. ನೂರು ವರ್ಷ ಕಳೆದರೂ ಅದರಿಂದ ಕ್ಯಾನ್ಸರ್ ಗುಣವಾಗುತ್ತದೆ ಎನ್ನಲು ಸಾಕಷ್ಟು ಆಧಾರ ಸಿಕ್ಕಿಲ್ಲ.

ಹಾಗಾದರೆ ಗಿಡದಲ್ಲಿ ಮದ್ದು ಇಲ್ಲವೇ? ಧಾರಾಳ ಇದೆ. ಇಲ್ಲಿ ಜೂನಿನಲ್ಲಿ ಎಲ್ಲೆಲ್ಲೂ ಅರಳುವ ನೇರಳೆ ಗಂಟೆಯ ಹೂವು, ಫಾಕ್ಸ್‌ಗ್ಲೋವ್. ಹೃದಯಕ್ಕೆ ಕೊಡುವ ಡಿಜಾಕ್ಸಿನ್ ಮಾತ್ರೆ ಬಂದದ್ದು ಆ ಕುಲದಿಂದಲೇ. ಅದರ ರೂಪದಲ್ಲಿ ಹೃದಯ ಎಲ್ಲೂ ಇಲ್ಲ. ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯ ಹತ್ತು ವರ್ಷ ರೋಗಿಗಳಿಗೆ ಕೊಟ್ಟು, ಗುಣವಾದದ್ದನ್ನೂ ಆಗದ್ದನ್ನೂ ಬರೆದಿಟ್ಟು 1785ರಲ್ಲಿ ಪ್ರಕಟಿಸಿದ. ಮದ್ದು ಗೊತ್ತಾದದ್ದು ಆ ಲೆಕ್ಕದ ಪುಸ್ತಕದಿಂದ. ಸ್ವಲ್ಪ ಹೆಚ್ಚಾದರೆ ಅದೇ ವಿಷ. ಡಿಜಾಕ್ಸಿನ್ ಕೊಡುವ ಮೊದಲು ನಾವು ನಾಡಿ ಎಣಿಸುವುದು ಅದಕ್ಕೇ. ಅದರ ಎಲೆಯನ್ನು ಬೇರೆ ಸೊಪ್ಪು ಅಂತ ತಿಳಿದು ಚಹಾ ಮಾಡಿ ಕುಡಿದು ಆಸ್ಪತ್ರೆ ಸೇರಿದವರು ಯುರೋಪಿನಲ್ಲಿ ಇದ್ದಾರೆ.

ಈಗ ಆಟಿಯ ವಿಷಯ. ಅಮಾವಾಸ್ಯೆ ದಿನ ಬೆಳಕು ಹರಿಯುವ ಮುಂಚೆ ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ಹಾಲೆ ಮರದ ತೊಗಟೆ ತಂದು ಕಷಾಯ ಮಾಡುತ್ತೇವೆ. ನಾನು ಆಚಾರಕ್ಕೆ ಅಡ್ಡ ಬರುವವಳಲ್ಲ. ಹೆದರಿಕೆ ಇರುವುದು ಕತ್ತಲೆಯದ್ದು. ಹಾಲೆ ಅಂತ ತಿಳಿದು ಕಾಸರಕದ ತೊಗಟೆ ತಂದರೆ ಕಥೆ ಮುಗಿಯಿತು. ಕಾಸರಕದಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷ ಇದೆ, ಮೈ ಸೆಟೆದು ಸೆಳೆತ ಬಂದು ಉಸಿರು ನಿಲ್ಲಬಹುದು.

ಹಾಗಾಗಿ ಆ ಹತ್ತು ನಿಮಿಷ ಕೂತು ನೋಡುವ ಅಭ್ಯಾಸ ನಮ್ಮೂರಿಗೇ ಹೆಚ್ಚು ಬೇಕು ಅನ್ನುತ್ತೇನೆ. ಅಮಾವಾಸ್ಯೆಗೆ ಒಂದು ವಾರ ಮೊದಲು, ಹಗಲಿನಲ್ಲಿ, ಮಕ್ಕಳನ್ನು ಕರೆದುಕೊಂಡು ಎರಡೂ ಮರದ ಕೆಳಗೆ ಕೂತು ಚಿತ್ರ ಬರೆಸಿ. ಹಾಲೆಯ ಎಲೆಗಳು ಒಂದೇ ಗಂಟಿನ ಸುತ್ತ ಏಳರ ಹಾಗೆ ಕೊಡೆಯಂತೆ ಹರಡಿರುತ್ತವೆ. ಸಪ್ತಪರ್ಣಿ ಅನ್ನುವುದು ಅದಕ್ಕೇ. ಗೀರಿದರೆ ಬಿಳಿ ಹಾಲು ಬರುತ್ತದೆ. ಕಾಸರಕದ ಎಲೆ ಎದುರುಬದುರು ಎರಡೆರಡು, ಬುಡದಿಂದಲೇ ಮೂರು ಐದು ನರ ಹೊರಡುತ್ತವೆ, ಹಾಲು ಇಲ್ಲ, ಕಾಯಿ ಹಣ್ಣಾದಾಗ ಕಿತ್ತಳೆ ಬಣ್ಣ. ಒಮ್ಮೆ ಕೈಯಾರೆ ಬರೆದ ಮಗು ಇದನ್ನು ಮರೆಯುವುದಿಲ್ಲ. ಗುರುತು ಸಿಕ್ಕಿದ ಹಾಲೆ ಮರಕ್ಕೆ ಹಗಲಲ್ಲೇ ಒಂದು ದಾರ ಕಟ್ಟಿ ಬನ್ನಿ. ಸ್ವಲ್ಪವೂ ಸಂಶಯ ಇದ್ದರೆ ಆ ವರ್ಷ ಕಷಾಯ ಬಿಡಿ. ಬಸುರಿಯರು, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಯಾವ ಕಷಾಯವನ್ನೂ ಕುಡಿಯಬೇಡಿ.

ಚಿತ್ರ ಬರೆದು ಗಿಡ ತಿಳಿಯುವುದು ನಮಗೆ ಹೊಸತೂ ಅಲ್ಲ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡೆ ಮಾಡಿಸಿದ ಹೋರ್ಟಸ್ ಮಲಬಾರಿಕಸ್ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚಾದದ್ದು ಇದೇ ಆಮ್‌ಸ್ಟರ್‌ಡ್ಯಾಮಿನಲ್ಲಿ. ಏಳುನೂರಕ್ಕೂ ಹೆಚ್ಚು ಚಿತ್ರ. ಗಿಡಗಳ ಗುಣ ಹೇಳಿಕೊಟ್ಟವರು ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಕೊಂಕಣಿ ವೈದ್ಯರಾದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಮೊದಲು ಗಿಡ ಯಾವುದು ಅಂತ ಯಾರಿಗೂ ತಪ್ಪದ ಹಾಗೆ ಚಿತ್ರ, ಆಮೇಲೆ ಗುಣದ ಮಾತು. ಆ ಕ್ರಮ ಸರಿಯಾದದ್ದು.

ಹಾಗಾಗಿ ಶುಗರಿನ ಗಿಡ ಕೇಳಿದ ಚಿಕ್ಕಮ್ಮನಿಗೆ: ಗಿಡ ನನಗೆ ಏನೂ ಹೇಳಲಿಲ್ಲ. ನಿಮ್ಮ ಮಾತ್ರೆ ಬಿಡಬೇಡಿ. ಅಂಗಳದ ತುಂಬೆ ಗಿಡದ ಮುಂದೆ ದಿನಾ ಹತ್ತು ನಿಮಿಷ ಕೂತು ನೋಡಿ, ಚಿತ್ರ ಬರೆದು ಫೋಟೋ ಹಾಕಿ. ಮಾವನಿಗೂ ಒಂದು ಪೆನ್ಸಿಲ್ ಕೊಡಿ. ಮುಂದಿನ ಪೋಸ್ಟಿನಲ್ಲಿ ರಾತ್ರಿ ಪಾಳಿಯ ಊಟದ ಕಥೆ.