ವೆಂಟಿಲೇಟರ್ ಬಂತು ಎಂದು ಬರೆದೆವು, ಅಳತೆ ಕೇಳಲಿಲ್ಲ

ಆಸ್ಪತ್ರೆಗೆ ಹೊಸ ವೆಂಟಿಲೇಟರ್ ಬಂದರೆ ನಮಗೊಂದು ಸುದ್ದಿ. ಟೇಪ್ ಕತ್ತರಿಸುವ ಫೋಟೊ, ಎಷ್ಟು ಲಕ್ಷದ ಯಂತ್ರ, ಯಾರ ಅನುದಾನ, ಇಷ್ಟು ಬರೆದು ಕಳಿಸುತ್ತೇವೆ. ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಆ ಯಂತ್ರ ಒಂದು ಉಸಿರಿಗೆ ಎಷ್ಟು ಗಾಳಿ ಕೊಡುತ್ತದೆ ಎಂದು ನಾವು ಒಮ್ಮೆಯೂ ಕೇಳಿಲ್ಲ.

ಲೆಕ್ಕ ದೊಡ್ಡದೇನಲ್ಲ. ಮಗುವಿನ ತೂಕದ ಒಂದೊಂದು ಕಿಲೋಗೆ ಸುಮಾರು 4ರಿಂದ 6 ಮಿಲಿಲೀಟರ್. ಕಿಲೋ ತೂಗುವ ಕೂಸಿಗೆ ಒಂದು ಉಸಿರೆಂದರೆ ಒಂದು ಟೀ ಚಮಚದಷ್ಟು ಗಾಳಿ. ಹೆಚ್ಚು ತುಂಬಿದರೆ ಎಳೆಯ ಶ್ವಾಸಕೋಶ ಹಿಗ್ಗಿ ಗಾಯವಾಗುತ್ತದೆ, ಕೆಲವೊಮ್ಮೆ ಒಡೆದು ಗಾಳಿ ಎದೆಗೂಡಿಗೆ ಸೋರುತ್ತದೆ. ಕಡಿಮೆಯಾದರೆ ಮುದುಡಿಕೊಳ್ಳುತ್ತದೆ. ಅತಿಯಾಗಿ ಉಸಿರಾಡಿಸಿದರೆ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ತೀರಾ ಇಳಿದು, ಮಿದುಳಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ.

ಹಳೆಯ ಪದ್ಧತಿಯಲ್ಲಿ ನಿಗದಿ ಮಾಡುವುದು ಒತ್ತಡವನ್ನು, ಗಾಳಿಯನ್ನಲ್ಲ. ಜಾತ್ರೆಯಲ್ಲಿ ಹೊಸ ಬಲೂನು ಊದಿದವರಿಗೆ ಇದು ಗೊತ್ತು: ಮೊದಲು ಎಷ್ಟು ಊದಿದರೂ ಜಪ್ಪಯ್ಯ ಎನ್ನುವುದಿಲ್ಲ, ಒಮ್ಮೆ ಸಡಿಲವಾದರೆ ಸುಲಭವಾಗಿ ಹಿಗ್ಗುತ್ತದೆ. ಸರ್ಫ್ಯಾಕ್ಟಂಟ್ ಎಂಬ ಔಷಧಿ ಹಾಕಿದ ಮೇಲೆ ಕೂಸಿನ ಶ್ವಾಸಕೋಶವೂ ಬೇಗ ಸಡಿಲವಾಗುತ್ತದೆ. ಆಗ ಒತ್ತಡ ಇಳಿಸುವವರು ಪಕ್ಕದಲ್ಲಿ ಇಲ್ಲದಿದ್ದರೆ, ಔಷಧಿ ಫಲಿಸಿದ್ದೇ ಅಪಾಯವಾಗುತ್ತದೆ.

ಇದಕ್ಕೆ ದಾರಿ ಇದೆ. ಮಗುವಿನ ಬಾಯಿಯ ಹತ್ತಿರ, ಕೊಳವೆಗೆ ಒಂದು ಪುಟ್ಟ ಫ್ಲೋ ಸೆನ್ಸರ್ ಕೂರಿಸುತ್ತಾರೆ. ಅದು ಉಸಿರನ್ನು ಅಳೆಯುತ್ತದೆ, ಯಂತ್ರ ತಾನೇ ಒತ್ತಡವನ್ನು ಏರಿಸಿ ಇಳಿಸುತ್ತದೆ. 2017ರಲ್ಲಿ ಬಂದ ಕಾಕ್ರೇನ್ ವಿಮರ್ಶೆ 20 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಗಾಳಿ ಅಳೆದು ಕೊಟ್ಟ ಕಡೆ ಶ್ವಾಸಕೋಶ ಒಡೆಯುವುದು, ಮಿದುಳಿನ ತೀವ್ರ ರಕ್ತಸ್ರಾವ, ಯಂತ್ರದ ಮೇಲೆ ಇರಬೇಕಾದ ದಿನಗಳು ಎಲ್ಲವೂ ಕಡಿಮೆಯಾಗಿದ್ದವು.

ಆದರೆ ಸೆನ್ಸರ್‌ಗೆ ನೀರು, ಕಫ ಕಟ್ಟಿದರೆ ಅಳತೆ ತಪ್ಪುತ್ತದೆ. ಕೊಳವೆಯ ಸುತ್ತ ಗಾಳಿ ಸೋರಿದರೂ ತಪ್ಪುತ್ತದೆ. ರಾತ್ರಿ ಎರಡು ಗಂಟೆಗೆ ಅದನ್ನು ನೋಡಬೇಕಾದವರು ನರ್ಸ್. ಅವರೊಬ್ಬರ ಕೈಯಲ್ಲಿ ಎಷ್ಟು ಕೂಸುಗಳಿವೆ? ಯಂತ್ರಕ್ಕೆ ದುಡ್ಡು ಕೊಟ್ಟವರು ಇದನ್ನು ಲೆಕ್ಕ ಹಾಕಿದ್ದಾರೆಯೇ?

ಯಂತ್ರವೇ ಇಲ್ಲದ ಊರಿನಲ್ಲಿ ಅಳತೆಯ ಮಾತೇಕೆ ಎನ್ನುವವರಿದ್ದಾರೆ. ನಮ್ಮ ಮಟ್ಟಿಗೆ ಅಳತೆಯ ಮಾತು ಹೆಚ್ಚು ಬೇಕಾಗಿರುವುದು ಅಲ್ಲೇ. ತಾಲ್ಲೂಕಿನಿಂದ ದೊಡ್ಡ ಆಸ್ಪತ್ರೆಗೆ ಸಾಗಿಸುವಾಗ ಆಂಬುಲೆನ್ಸ್‌ನಲ್ಲಿ ಕೈಯಿಂದ ಒತ್ತುವ ಬ್ಯಾಗ್‌ನಲ್ಲಿ ಸುಮಾರು 250 ಮಿಲಿಲೀಟರ್ ಗಾಳಿ ಇರುತ್ತದೆ. ಕೂಸಿಗೆ ಬೇಕಾದದ್ದು 5. ನಡುವೆ ಇರುವುದು ಬೆರಳಿನ ಅಂದಾಜು, ಮೇಲೆ ನಮ್ಮ ರಸ್ತೆಯ ಗುಂಡಿ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅವಧಿಗೆ ಮುಂಚೆ ಹುಟ್ಟಿದ ಕುರಿಮರಿಗಳಿಗೆ ಹುಟ್ಟಿದ ಕೂಡಲೇ ಆರೇ ಆರು ದೊಡ್ಡ ಉಸಿರು ಕೊಟ್ಟಿದ್ದಕ್ಕೆ, ಆಮೇಲೆ ಹಾಕಿದ ಸರ್ಫ್ಯಾಕ್ಟಂಟ್ ಸರಿಯಾಗಿ ಹಿಡಿಯಲಿಲ್ಲ. ಬ್ಯಾಗ್ ಒತ್ತಬೇಡಿ ಎಂದು ಯಾರೂ ತಿಳಿಯಬಾರದು, ಉಸಿರಾಡದ ಕೂಸಿನ ಜೀವ ಉಳಿಸುವುದು ಅದೇ. ಒತ್ತುವವರಿಗೆ ಮತ್ತೆ ಮತ್ತೆ ತರಬೇತಿ ಕೊಡಿ ಎಂಬುದಷ್ಟೇ ನಮ್ಮ ತಕರಾರು.

ನಿಮ್ಮ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಊರಿನವರು ಯಾರಾದರೂ ಇದ್ದರೆ ಮುಂದಿನ ಸಭೆಯಲ್ಲಿ ಕೇಳಲಿ: ನವಜಾತ ಶಿಶುವಿನ ಸೆನ್ಸರ್ ಇದೆಯೇ, ಕೆಟ್ಟರೆ ಇನ್ನೊಂದು ಇದೆಯೇ, ರಾತ್ರಿ ಪಾಳಿಯಲ್ಲಿ ಅದನ್ನು ಓದಲು ಬರುವವರು ಎಷ್ಟು ಜನ? ಉತ್ತರ ಸಿಕ್ಕಿದರೆ ನಮಗೂ ತಿಳಿಸಿ. ಈ ಸಲ ಅದನ್ನೂ ಬರೆಯುತ್ತೇವೆ.