ಲೆಕ್ಕ ಹಾಕೋಣ ಬನ್ನಿ: ಒಂದೂವರೆ ಲಕ್ಷದ ಎಲಿಪ್ಟಿಕಲ್ ಹಗರೆಗೆ ಬೇಕಾ?

1/4

ಹೋದ ಸಲ ಬೈಕ್ ಇಎಂಐ ಲೆಕ್ಕ ನೋಡಿದ್ವಿ. ಈ ಸಲ ಜಿಮ್ ಮೆಷಿನ್. ಫೋಟೋದಲ್ಲಿ ಇರೋದು ನನ್ನ ಕಾಸ್ಟಿಂಗ್ ನೋಟ್ಸಿನ ಹಿಂದಿನ ಪುಟ, ಕೈಬರಹಕ್ಕೆ ನಗಬೇಡಿ.

ವಿಷಯ ಏನಂದ್ರೆ, ಅಮ್ಮನಿಗೆ ಮಂಡಿ ನೋವು, ಜೊತೆಗೆ ಶುಗರ್. ದಿನಾ ಅರ್ಧ ಗಂಟೆ ವ್ಯಾಯಾಮ ಆಗ್ಲೇಬೇಕು, ಆದ್ರೆ ಮಂಡಿಗೆ ಪೆಟ್ಟು ಬೀಳಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ಬೆಂಗಳೂರಲ್ಲಿ ಕೆಲಸದಲ್ಲಿರೋ ಅಣ್ಣ 1,50,000 ರೂಪಾಯಿಯ ಎಲಿಪ್ಟಿಕಲ್ ಟ್ರೇನರ್ ಕಾರ್ಟಿಗೆ ಹಾಕಿಟ್ಟು, "ಬಿಕಾಂ ಓದ್ತಿದ್ಯಲ್ಲ, ನೋಡಿ ಹೇಳು" ಅಂತ ನನಗೆ ಲಿಂಕ್ ಕಳ್ಸಿದ್ದಾನೆ. ನೋಡಿ ಹೇಳ್ತಿದೀನಿ.

ಮೆಷಿನ್ ನೋಡಿರದವರಿಗೆ: ಇದು ಟ್ರೆಡ್‌ಮಿಲ್ ಅಲ್ಲ. ಎರಡು ಅಗಲವಾದ ಪೆಡಲ್ ಮೇಲೆ ನಿಂತು, ಎರಡು ಹಿಡಿಗಳನ್ನ ಹಿಂದೆ ಮುಂದೆ ಎಳೀತಾ, ಕಾಲನ್ನ ಮೊಟ್ಟೆ ಆಕಾರದಲ್ಲಿ ತಿರುಗಿಸೋದು. 1995ರಲ್ಲಿ ಅಮೆರಿಕದ ಪ್ರಿಕೋರ್ ಕಂಪನಿ ಇದನ್ನ ಮಾರುಕಟ್ಟೆಗೆ ತಂತು. ಪಾದ ಪೆಡಲ್ ಬಿಟ್ಟು ಮೇಲೇಳೋದೇ ಇಲ್ಲ, ಹಾಗಾಗಿ ಓಡುವಾಗ ನೆಲಕ್ಕೆ ಕಾಲು ಬಡಿದು ಮಂಡಿಗೆ ಬೀಳೋ ಪೆಟ್ಟು ಇದರಲ್ಲಿ ಇಲ್ಲ. ಆದ್ರೂ ನಿಂತೇ ಮಾಡೋದ್ರಿಂದ ಮೈಭಾರ ಕಾಲ ಮೇಲೇ ಇರುತ್ತೆ, ಕೈಗೂ ಕೆಲಸ. ಅಮ್ಮನಂಥವರಿಗೆ ಒಳ್ಳೇ ಐಡಿಯಾನೇ. ಅಣ್ಣನ ಮನಸ್ಸಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರೋದು ಆ ಒಂದೂವರೆ ಲಕ್ಷದ ಮೇಲೆ.

2/4

ಆ ದುಡ್ಡಿಗೆ ಏನೇನು ಸಿಗುತ್ತೆ? ಭಾರದ ಫ್ಲೈವೀಲ್, ಅಲ್ಲಾಡದ ಫ್ರೇಮು, ಸದ್ದಿಲ್ಲದ ಮ್ಯಾಗ್ನೆಟಿಕ್ ರೆಸಿಸ್ಟೆನ್ಸು. ಇವು ನಿಜವಾಗಲೂ ಬೇಕಾದ್ದೇ. ಹತ್ತು ಹದಿನೈದು ಸಾವಿರದ ಮೆಷಿನ್ ಹತ್ತಿದ್ರೆ ತೊಟ್ಟಿಲ ಥರ ಅಲ್ಲಾಡುತ್ತೆ, ಅದು ಮಂಡಿಗೆ ಇನ್ನೂ ಕೆಟ್ಟದ್ದು. ಆದ್ರೆ ಇದರ ಜೊತೆ ದೊಡ್ಡ ಟಚ್ ಸ್ಕ್ರೀನ್ ಬರುತ್ತೆ, ಅದಕ್ಕೆ ತಿಂಗಳ ಚಂದಾ ಬೇರೆ. ಸ್ಕ್ರೀನಲ್ಲಿ ಯಾವನೋ ಟ್ರೇನರ್ ಇಂಗ್ಲಿಷಲ್ಲಿ ಕೂಗ್ತಾನೆ. ಅಮ್ಮ ಧಾರಾವಾಹಿ ಬಿಟ್ಟು ಅದನ್ನ ನೋಡ್ತಾಳೆ ಅಂತ ನಿಮಗೆ ಅನ್ಸುತ್ತಾ? ಕ್ಯಾಲೊರಿ ಲೆಕ್ಕಾನೂ ಇರೋದಕ್ಕಿಂತ ಜಾಸ್ತಿ ತೋರಿಸೋದೇ ಹೆಚ್ಚು, ಅದನ್ನ ನಂಬಿ ಎರಡು ಒಬ್ಬಟ್ಟು ಹೆಚ್ಚಿಗೆ ತಿನ್ನಬೇಡಿ.

ಯಾವ ರಿವ್ಯೂನಲ್ಲೂ ಎದ್ದು ಕಾಣದ ವಿಷಯ ಅಳತೆ. ದುಬಾರಿ ಮೆಷಿನ್‌ಗಳ ಹೆಜ್ಜೆ ಉದ್ದ ಸಾಮಾನ್ಯವಾಗಿ 20 ಇಂಚಿನ ಆಸುಪಾಸು. ಐದೂಮುಕ್ಕಾಲು, ಆರು ಅಡಿ ಇರೋರಿಗೆ ಸರಿ. ನಮ್ಮಮ್ಮ ಐದಡಿ. ಅವಳು ಪ್ರತಿ ಹೆಜ್ಜೆಗೂ ಕಾಲು ಚಾಚಬೇಕು, ನೋವಿರೋ ಮಂಡಿಯಲ್ಲಿ. ಹೆಜ್ಜೆ ಉದ್ದ ಬದಲಾಯಿಸೋಕೆ ಬರೋ ಮಾಡೆಲ್ ಇದಾವೆ, ಅಣ್ಣ ಆರಿಸಿದ್ದು ಅದಲ್ಲ. ಆಮೇಲೆ ಪೆಡಲ್ ಮೇಲೆ ಬಂದಾಗ ತಲೆ ಒಂದಡಿಗಿಂತ ಜಾಸ್ತಿ ಮೇಲೆ ಹೋಗುತ್ತೆ. ನಮ್ಮದು ಹೆಂಚಿನ ಮನೆ, ಇಳಿಜಾರಿನ ಕಡೆ ಇಟ್ರೆ ತಲೆ ತೊಲೆಗೆ ತಾಗುತ್ತೆ. ನಡುಮನೆಯಲ್ಲಿ ಇಟ್ರೆ ಬಂದವರು ಎಲ್ಲಿ ಕೂರೋದು? ನೂರು ಕೆಜಿ ಹತ್ತಿರದ್ದನ್ನ ಯುಗಾದಿಗೊಂದ್ಸಲ ಸರಿಸೋಕೂ ನಾಲ್ಕು ಜನ ಬೇಕು.

ಕರೆಂಟ್ ಹೋದ್ರೆ ಕೆಲವು ಮೆಷಿನ್‌ಗಳಲ್ಲಿ ರೆಸಿಸ್ಟೆನ್ಸ್ ಬದಲಾಯಿಸೋಕೆ ಆಗಲ್ಲ. ತುಳಿಯೋದ್ರಿಂದಲೇ ಕರೆಂಟ್ ಮಾಡ್ಕೊಳ್ಳೋವೂ ಸಿಗ್ತವೆ, ನಮ್ಮೂರಿಗೆ ಅದೇ ವಾಸಿ. ಕೆಟ್ಟರೆ ಮೆಕ್ಯಾನಿಕ್ ಎಲ್ಲಿಂದ ಬರ್ತಾನೆ ಅಂತ ಕೊಳ್ಳೋ ಮೊದಲೇ ಫೋನ್ ಮಾಡಿ ಕೇಳಿ.

3/4

ಈಗ ನಮ್ಮ ಸಬ್ಜೆಕ್ಟು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ. ವರ್ಷಕ್ಕೆ 130 ಗಂಟೆ, ಐದು ವರ್ಷಕ್ಕೆ 650. ಐದು ವರ್ಷ ಆದ್ಮೇಲೆ 40,000ಕ್ಕೆ ಮಾರಿದ್ವಿ ಅಂತ ಇಟ್ಕೊಳ್ಳಿ (ದೊಡ್ಡ ಮನಸ್ಸಿನ ಅಂದಾಜು). 1,10,000 ಭಾಗ 650, ಗಂಟೆಗೆ 169 ರೂಪಾಯಿ. ಕೆಟ್ಟದ್ದೇನಲ್ಲ. ಆದ್ರೆ ಎರಡು ತಿಂಗಳು ಮಾಡಿ ಬಿಟ್ರೆ ಆಗೋದು ಬರೀ 20 ಗಂಟೆ. ಗಂಟೆಗೆ 5,500! ಆಮೇಲೆ ಅದರ ಮೇಲೆ ಟವಲ್ ಒಣಗುತ್ತೆ. ಅದೇ 45,000ದ ಗಟ್ಟಿ ಮೆಷಿನ್ ತಂದು 10,000ಕ್ಕೆ ಮಾರಿದ್ರೆ ಗಂಟೆಗೆ 54.

ನೋ ಕಾಸ್ಟ್ ಇಎಂಐ ಅಂತೆ, ತಿಂಗಳಿಗೆ 12,500. ಶೂನ್ಯ ಬಡ್ಡಿ ಅನ್ನೋದು ಇಲ್ಲವೇ ಇಲ್ಲ ಅಂತ 2013ರಲ್ಲೇ ಆರ್‌ಬಿಐ ಬ್ಯಾಂಕ್‌ಗಳಿಗೆ ಹೇಳಿತ್ತು. ಪ್ರೊಸೆಸಿಂಗ್ ಫೀ, ಬಡ್ಡಿ ಭಾಗದ ಮೇಲಿನ ಜಿಎಸ್‌ಟಿ, ಪೂರ್ತಿ ದುಡ್ಡು ಕೊಟ್ರೆ ಸಿಗ್ತಿದ್ದ ಡಿಸ್ಕೌಂಟು, ಎಲ್ಲಾ ಕೂಡಿಸಿ ನೋಡಿ.

ಇನ್ನೊಂದು, ಕ್ಲಾಸಲ್ಲಿ ಓದಿದ ಸಂಕ್ ಕಾಸ್ಟ್. "ಅಷ್ಟು ದುಡ್ಡು ಕೊಟ್ಟಿದೀವಿ, ಮಾಡೇ ಮಾಡ್ತಾಳೆ" ಅನ್ನೋದು ಅಣ್ಣನ ವಾದ. ಪೆಲೋಟನ್ ಕಂಪನಿ ಕಥೆ ಓದು ಅಂದೆ. ಲಾಕ್‌ಡೌನಲ್ಲಿ ಜನ ಮುಗಿಬಿದ್ದು ದುಬಾರಿ ಸೈಕಲ್ ಕೊಂಡ್ರು. ಹೊರಗೆ ಓಡಾಡೋ ಹಾಗಾದ ಮೇಲೆ ಬೇಡಿಕೆ ಬಿತ್ತು, 2022ರ ಫೆಬ್ರವರಿಯಲ್ಲಿ ಕಂಪನಿ ಸುಮಾರು 2,800 ಕೆಲಸ ಕಡಿತ ಮಾಡ್ತು, ಸಿಇಒ ಕೂಡ ಇಳಿದ್ರು.

4/4

"ಹಳ್ಳೀಲಿ ಬೇಕಾದಷ್ಟು ಜಾಗ ಇದೆ, ವಾಕಿಂಗ್ ಹೋಗ್ಲಿ, ಫ್ರೀ" ಅಂತ ಕಾಮೆಂಟ್ ಮಾಡೋಕೆ ಹೊರಟಿದೀರಾ ಅಲ್ವಾ? ಹುಡುಗರೇ, ಸ್ವಲ್ಪ ತಡೀರಿ.

ನಮ್ಮೂರು ಹಾಸನ-ಬೇಲೂರು ರಸ್ತೆ ಮೇಲಿದೆ, ಹಳೇಬೀಡಿಗೆ ತಿರುಗೋದೂ ಇಲ್ಲೇ. 2023ರಲ್ಲಿ ಹೊಯ್ಸಳ ದೇವಸ್ಥಾನಗಳು ಯುನೆಸ್ಕೋ ಪಟ್ಟಿಗೆ ಸೇರಿದ್ವು, ಖುಷಿಯೇ. ಆದ್ರೆ ಆ ಬಸ್ಸು, ಲಾರಿ, ವೀಕೆಂಡ್ ಕಾರುಗಳ ಪಕ್ಕ ಮಂಡಿ ನೋವಿನ ಹೆಂಗಸು ಎಲ್ಲಿ ನಡೀಬೇಕು? ಬೆಳಿಗ್ಗೆ ಐದೂವರೆಗೆ ಕತ್ತಲೆ, ನಾಯಿ. ಆರಕ್ಕೆ ಹಾಲು ಕರೆಯೋದು, ಡೈರಿಗೆ ಹಾಕೋದು. ಸಂಜೆ ಸೀರೆ ಮೇಲೆ ಶೂ ಹಾಕ್ಕೊಂಡು ಹೊರಟ್ರೆ ದಾರಿಯುದ್ದಕ್ಕೂ "ಎಲ್ಲಿಗೆ ಹೊರಟ್ಯಮ್ಮಾ?" "ಹೊಲಮನೆ ಕೆಲಸ ಮಾಡೋಳಿಗೆ ಎಂಥಾ ವಾಕಿಂಗು?" ಎರಡು ದಿನ ಹೋಗಿ ಅಮ್ಮ ನಿಲ್ಲಿಸಿದ್ಲು. ಕುಕ್ಕರುಗಾಲಲ್ಲಿ ಕೂತು ಮಾಡೋ ಕೆಲಸ ವ್ಯಾಯಾಮ ಅಂತ ಹೇಳೋರು ಒಂದು ದಿನ ಕೂತು ನೋಡ್ಲಿ. ಜಿಮ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ರಿಂದ 5ಕ್ಕೆ ಇಳಿದಿದೆ. ಬಸ್ ಹತ್ತಿ ಜಿಮ್‌ಗೆ ಹೋಗಮ್ಮ ಅಂದ್ರೆ ಅಮ್ಮ ಒಂದು ವಾರ ನಗ್ತಾಳೆ.

ಹಾಗಾಗಿ ಮನೆಯೊಳಗೊಂದು ಮೆಷಿನ್ ನಮಗೆ ಶೋಕಿ ಅಲ್ಲ. ಬೇಕು. ಆದ್ರೆ ಇದು ಬೇಡ ಅಂತ ಅಣ್ಣನಿಗೆ ಬರೆದು ಕಳ್ಸಿದೀನಿ. 50,000ದೊಳಗೆ, ಹೆಜ್ಜೆ ಚಿಕ್ಕದು ಮಾಡೋಕೆ ಬರೋದು, ಸ್ಕ್ರೀನ್ ಸಾದಾ ಇದ್ರೂ ಪರವಾಗಿಲ್ಲ, ಅಮ್ಮ ಸ್ವತಃ ಹತ್ತಿ ಹತ್ತು ನಿಮಿಷ ತುಳಿದು ನೋಡಿದ್ಮೇಲೆ ಮಾತ್ರ. ಅದೂ ಮಂಡಿಗೆ ಆಗಲಿಲ್ಲ ಅಂದ್ರೆ ಕೂತು ತುಳಿಯೋ ಸೈಕಲ್, ಇನ್ನೂ ಕಡಿಮೆಗೆ ಬರುತ್ತೆ. ಅವನು ಇನ್ನೂ ಬ್ಲೂ ಟಿಕ್ ಮಾಡಿ ಸುಮ್ನಿದಾನೆ.

ಹಾಸನದ ಕಡೆ ನಿಮ್ಮ ಮನೇಲಿ ಎಲಿಪ್ಟಿಕಲ್ ಇದ್ರೆ, ಟವಲ್ ಒಣಗ್ತಿದ್ರೂ ಸರಿ, ಮೆಸೇಜ್ ಮಾಡಿ. ಭಾನುವಾರ ಅಮ್ಮನ್ನ ಕರ್ಕೊಂಡು ಬರ್ತೀನಿ, ಹತ್ತೇ ನಿಮಿಷ. ಮಾರೋ ಯೋಚನೆ ಇದ್ರೆ ರೇಟೂ ಹೇಳಿ.